ಮನೆಯೊಳಗಿನ ಗಿಡಗಳಿಗೆ ಹುಳ ತಿನ್ನುವ ಹುಳ ಬಿಟ್ಟವರು ಯಾರಾದರೂ ಇದ್ದೀರಾ?

ಮಳೆಬಿಲ್ಲು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ವಿನೋಬನಗರದಲ್ಲಿ ನಮ್ಮ ಮನೆ. ಮಹಡಿ ಮೇಲಿನ ಒಂದು ರೂಮನ್ನು ಪೂರ್ತಿ ಗಿಡಗಳಿಗೇ ಬಿಟ್ಟಿದ್ದೇನೆ. ಪೂರ್ವಕ್ಕೆ ದೊಡ್ಡ ಕಿಟಕಿ, ಮಳೆಗಾಲದ ಮೋಡಕ್ಕೆ ಅಂತ ಎಲ್‌ಇಡಿ ದೀಪ, ಮೂರು ಕಬ್ಬಿಣದ ರ‍್ಯಾಕು. ಹೋಯಾ, ಆಂಥೂರಿಯಂ, ಆಫ್ರಿಕನ್ ವಯಲೆಟ್, ಜರಿಗಿಡ, ಒಂದಷ್ಟು ಸಕ್ಯುಲೆಂಟ್ ಇವೆ.

ಸಮಸ್ಯೆ ಹಿಟ್ಟು ತಿಗಣೆ, ಅದೇ ಮೀಲಿಬಗ್. ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಒರೆಸುತ್ತೇನೆ, ವಾರ ಕಳೆಯುವುದರೊಳಗೆ ಎಲೆ ಸಂದಿಯಲ್ಲಿ ಮತ್ತೆ ಬಿಳಿ ಬಿಳಿ. ಮಳೆ ಹಿಡಿದ ಮೇಲೆ ಕುಂಡದ ಮಣ್ಣಿನಿಂದ ಸಣ್ಣ ಕರಿ ನೊಣ ಬೇರೆ ಏಳುತ್ತಿದೆ, ಕಾಫಿ ಲೋಟಕ್ಕೂ ಬೀಳುತ್ತದೆ. ಅತ್ತೆಗೆ ದಮ್ಮು ಇರುವುದರಿಂದ ರೂಮಿನೊಳಗೆ ಔಷಧಿ ಹೊಡೆಯುವ ಹಾಗಿಲ್ಲ.

ಹಿಟ್ಟು ತಿಗಣೆ ತಿನ್ನುವ ಒಂದು ಗುಲಗಂಜಿ ಹುಳ (ಲೇಡಿಬರ್ಡ್) ಇದೆಯಂತೆ, ದುಡ್ಡಿಗೂ ಸಿಗುತ್ತದಂತೆ. ಮನೆಯೊಳಗೆ ಬಿಟ್ಟರೆ ಕೆಲಸ ಮಾಡುತ್ತದಾ? ಅನ್ನ ಸಾರಿನ ಮೇಲೆಲ್ಲ ಹಾರಾಡುತ್ತದಾ? ಬಿಟ್ಟು ನೋಡಿದವರು ಇದ್ದರೆ ಹೇಳಿ.

ತೋಟದಮನೆ, ತೀರ್ಥಹಳ್ಳಿ

ದುಡ್ಡು ಕೊಟ್ಟು ಹುಳ ತರುವುದಾ! ನಮ್ಮ ಕಡೆ ಬನ್ನಿ, ಬಿಟ್ಟಿ ಕೊಡುತ್ತೇವೆ. ಚೀಲ ಮಾತ್ರ ನೀವೇ ತನ್ನಿ.

ಹೊಸನಗರ ಪುಟ್ಟ

ಇಂಬಳ ತಿನ್ನುವ ಹುಳ ಇದ್ದರೆ ನನಗೆ ಮೊದಲು ಹೇಳಿ. ಈಗಷ್ಟೇ ಕಾಲಿಂದ ಎರಡು ಕಿತ್ತು ಬಿಸಾಕಿ ಬಂದೆ.

ಕೀಟಮಿತ್ರ

ಮಳೆಬಿಲ್ಲು ಅವರೇ, ನೀವು ಹೇಳುತ್ತಿರುವುದು ಕ್ರಿಪ್ಟೋಲೀಮಸ್. ಗುಲಗಂಜಿ ಹುಳದ ಜಾತಿಯೇ, ಆದರೆ ಕೆಂಪು ಬಣ್ಣ, ಕರಿ ಚುಕ್ಕೆ ಇರುವುದಿಲ್ಲ. ಮೈ ಕಪ್ಪು ಕಂದು, ತಲೆ ಮತ್ತು ಹಿಂಬದಿಯ ತುದಿ ಕಿತ್ತಳೆ. ಉದ್ದ ಹೆಚ್ಚೆಂದರೆ 4 ಮಿಲಿಮೀಟರ್. ಮೂಲ ಆಸ್ಟ್ರೇಲಿಯಾ. 1898ರಲ್ಲೇ ನಮ್ಮ ದೇಶಕ್ಕೆ ಬಂದಿದೆ. ಕಾಫಿ ಗಿಡದ ಹಸಿರು ಶಲ್ಕ ಕೀಟ ತಿನ್ನಲಿ ಅಂತ ತಂದರು. ಆ ಕೆಲಸದಲ್ಲಿ ಅಷ್ಟಕ್ಕಷ್ಟೆ. ಹಿಟ್ಟು ತಿಗಣೆ ಸಿಕ್ಕಿತು ನೋಡಿ, ಇಲ್ಲೇ ಬೇರೂರಿತು.

ಮನೆಯೊಳಗೆ ಬಿಡಬಹುದು. ಗಾಜಿನ ಮನೆಗಳಲ್ಲಿ ಇದನ್ನು ಬಿಡುವುದು ಹಳೇ ಪದ್ಧತಿ. 25 ಡಿಗ್ರಿ ಆಸುಪಾಸಿನ ಬೆಚ್ಚಗೆ ಇದ್ದರೆ ಚುರುಕಾಗಿರುತ್ತದೆ, ಚಳಿಯಾದರೆ ಮಂಕು. ಶಿವಮೊಗ್ಗದ ರೂಮಿನೊಳಗೆ ಆ ತೊಂದರೆ ಇಲ್ಲ. ಅನ್ನ ಸಾರು ಅದಕ್ಕೆ ಬೇಡ. ತಿನ್ನಲು ತಿಗಣೆ ಇಲ್ಲದಿದ್ದರೆ ಹಾರಿ ಹೋಗುತ್ತದೆ ಅಥವಾ ಸಾಯುತ್ತದೆ. ಮನೆಯಲ್ಲಿ ಸಂಸಾರ ಹೂಡುವುದಿಲ್ಲ.

ತಗೊಳ್ಳುವ ಮೊದಲು ಮೂರು ವಿಷಯ ಹೇಳಿ. ರ‍್ಯಾಕಿನಲ್ಲಿ ಇರುವೆ ಓಡಾಡುತ್ತದಾ? ಈಚೆಗೆ ಏನಾದರೂ ಔಷಧಿ ಹಾಕಿದ್ದೀರಾ, ಮಣ್ಣಿಗೆ ಹಾಕುವ ಹರಳೂ ಸೇರಿ? ನಿಮ್ಮ ತಿಗಣೆಗೆ ಬಾಲ ಇದೆಯಾ? ಬಾಲದ ವಿಷಯ ತಮಾಷೆಗಲ್ಲ, ನೋಡಿ ಹೇಳಿ.

ತೋಟದಮನೆ, ತೀರ್ಥಹಳ್ಳಿ

ತಿಗಣೆಗೆ ಬಾಲ, ಇರುವೆಗೆ ಮೂಗುತಿ. ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು. ಮುಗೀತು.

ಗೋಪಾಳದ ಗಿರಿ

ಬೇವಿನೆಣ್ಣೆಯಿಂದ ಮುಗಿಯುವ ಹಾಗಿದ್ದರೆ ಅವರು ಇಲ್ಲಿ ಬಂದು ಕೇಳುತ್ತಿರಲಿಲ್ಲ ಅಲ್ವಾ ಅಣ್ಣ. ಬೇವು ಮರಿಗಳ ಮೇಲೆ ಕೆಲಸ ಮಾಡುತ್ತದೆ, ಬಲಿತ ಹೆಣ್ಣಿನ ಮೇಣದ ಹೊದಿಕೆಯೊಳಗೆ ಅಷ್ಟಾಗಿ ಹೋಗುವುದಿಲ್ಲ. ಇವತ್ತು ಬೇವು ಹೊಡೆದು ನಾಳೆ ಹುಳ ಬಿಟ್ಟರೆ ಮೊದಲು ಪೆಟ್ಟು ತಿನ್ನುವುದು ಬಿಟ್ಟ ಹುಳದ ಮರಿಗಳೇ. ಎರಡರಲ್ಲಿ ಒಂದು ಆರಿಸಿಕೊಳ್ಳಬೇಕು. ಇಲ್ಲಾ ನಡುವೆ ಸಾಕಷ್ಟು ದಿನ ಬಿಡಬೇಕು.

ಬಾಳೆಹೊನ್ನೂರು ಕಾಫಿ

ಕಾಫಿ ಮಾಡುವವರಿಗೆ ಈ ಹುಳ ಹೊಸದಲ್ಲ. ರೊಬಸ್ಟಾದಲ್ಲಿ ಹಿಟ್ಟು ತಿಗಣೆ ಅಂದರೆ ನಮಗೆ ಬೇಸಿಗೆಯ ತಲೆನೋವು. ನಮ್ಮೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರು ಇದರ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಗುಲಗಂಜಿ ಹುಳದ ಜೊತೆ ಲೆಪ್ಟೊಮ್ಯಾಸ್ಟಿಕ್ಸ್ ಅಂತ ಒಂದು ಸಣ್ಣ ಕಣಜ ಇದೆ, 1983ರಲ್ಲಿ ಟ್ರಿನಿಡಾಡ್‌ನಿಂದ ತರಿಸಿದ್ದು. ಅದು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿಂದ ತಿಂದು ಮುಗಿಸುತ್ತದೆ, ಹೊರಗೆ ಒಣಗಿದ ಕಂದು ಸಿಪ್ಪೆ ಮಾತ್ರ. ಮನುಷ್ಯರಿಗೆ ಕಚ್ಚುವುದಿಲ್ಲ, ಕಣ್ಣಿಗೆ ಬೀಳುವುದೇ ಕಷ್ಟ.

ಆದರೆ ಯಾವುದನ್ನೇ ಬಿಡಿ, ಮೊದಲು ಇರುವೆ ನಿಲ್ಲಿಸಬೇಕು. ಇದರಲ್ಲಿ ಎರಡು ಮಾತಿಲ್ಲ. ತಿಗಣೆ ಸಿಹಿ ಅಂಟು ಸುರಿಸುತ್ತದೆ, ಇರುವೆಗೆ ಅದೇ ಊಟ. ಹಾಲು ಕೊಡುವ ಎಮ್ಮೆಯನ್ನು ಯಾರಾದರೂ ಮುಟ್ಟಲು ಬಿಡುತ್ತಾರಾ? ಗುಲಗಂಜಿ ಮರಿ ಬಂದರೆ ಕಚ್ಚಿ ಕೆಳಗೆ ಹಾಕುತ್ತವೆ.

ಮಳೆಬಿಲ್ಲು, ಶಿವಮೊಗ್ಗ

ಎಲ್ಲರಿಗೂ ಥ್ಯಾಂಕ್ಸ್. ಇರುವೆ ಇದೆ. ಕಿಟಕಿ ಚೌಕಟ್ಟಿನ ಬಿರುಕಿನಿಂದ ಹೋಯಾ ತನಕ ಸಣ್ಣ ಕರಿ ಇರುವೆಯ ಸಾಲು. ಔಷಧಿ ಹಾಕಿಲ್ಲ, ಬೇವಿನೆಣ್ಣೆ ಹೊಡೆದು ತಿಂಗಳ ಮೇಲಾಯಿತು. ಒಂದು ಆಂಥೂರಿಯಂ ಮಾತ್ರ ಈ ಬೇಸಿಗೆಯಲ್ಲಿ ನರ್ಸರಿಯಿಂದ ತಂದಿದ್ದು, ಅದಕ್ಕೆ ಅವರು ಏನು ಹಾಕಿದ್ದರೋ ಗೊತ್ತಿಲ್ಲ.

ಬಾಲ ನೋಡಲು ಮಗನ ಭೂತಗನ್ನಡಿ ತಂದೆ. ಹೋಯಾ ಮತ್ತು ಸಕ್ಯುಲೆಂಟ್‌ಗಳಲ್ಲಿ ಇರುವುದಕ್ಕೆ ಮೈ ಸುತ್ತ ಮೋಟು ಮೋಟು ಎಳೆ, ಪಕ್ಕದಲ್ಲಿ ಹತ್ತಿ ಉಂಡೆ. ಜರಿಗಿಡದಲ್ಲಿ ಇರುವುದೇ ಬೇರೆ! ಹಿಂದೆ ಎರಡು ಬಿಳಿ ಕೂದಲು, ಮೈಯಷ್ಟೇ ಉದ್ದ. ಹತ್ತಿ ಉಂಡೆ ಎಲ್ಲೂ ಇಲ್ಲ. ಇದಕ್ಕೆ ಏನರ್ಥ?

ಕೀಟಮಿತ್ರ

ಸರಿಯಾಗಿ ನೋಡಿದ್ದೀರಿ. ಎರಡು ಜಾತಿ ಇವೆ ಅಂತ ಅರ್ಥ.

ಹತ್ತಿ ಉಂಡೆ ಅಂದಿರಲ್ಲ, ಅದು ಮೊಟ್ಟೆ ಚೀಲ. ಕ್ರಿಪ್ಟೋಲೀಮಸ್ ಹೆಣ್ಣು ತನ್ನ ಮೊಟ್ಟೆಯನ್ನು ಇಡುವುದು ಆ ಹತ್ತಿಯೊಳಗೇ. ಮರಿ ಹೊರಬಂದ ಕೂಡಲೇ ಸುತ್ತ ಊಟ. ಹೋಯಾ ಮೇಲೆ ಅದು ಚೆನ್ನಾಗಿ ಸಂತಾನ ಬೆಳೆಸುತ್ತದೆ.

ಉದ್ದ ಬಾಲದ್ದು ಮೊಟ್ಟೆ ಚೀಲ ಕಟ್ಟುವುದಿಲ್ಲ, ನೇರ ಮರಿ ಹಾಕುತ್ತದೆ. ಗುಲಗಂಜಿ ಹುಳ ಅದನ್ನೂ ತಿನ್ನುತ್ತದೆ, ಆದರೆ ಮೊಟ್ಟೆ ಇಡಲು ಜಾಗ ಸಿಗದೆ ಸಂತಾನ ಮುಂದುವರಿಯುವುದಿಲ್ಲ. ಬಿಟ್ಟಷ್ಟು ತಿಂದು ಸಾಯುತ್ತವೆ. ‘ನಾನೂ ಬಿಟ್ಟೆ, ಏನೂ ಪ್ರಯೋಜನ ಆಗಲಿಲ್ಲ’ ಅನ್ನುವ ಎಷ್ಟೋ ಕತೆಗಳ ಹಿಂದೆ ಇದೇ ಬಾಲ ಇರುತ್ತದೆ. ಜರಿಗಿಡಗಳನ್ನು ಬೇರೆ ಇಡಿ. ಅವಕ್ಕೆ ಜಾಲರೆಕ್ಕೆ ಹುಳದ (ಲೇಸ್‌ವಿಂಗ್) ಮರಿ ಮೇಲು.

ಆ ಆಂಥೂರಿಯಂ ಕೂಡ ಬೇರೆ ಇಡಿ. ನರ್ಸರಿಯಲ್ಲಿ ಇಮಿಡಾಕ್ಲೋಪ್ರಿಡ್ ಥರದ ಕೀಟನಾಶಕ ಹಾಕಿದ್ದರೆ ಅದು ಗಿಡದ ರಸದಲ್ಲೇ ತಿಂಗಳುಗಟ್ಟಲೆ ಇರುತ್ತದೆ. ಆ ರಸ ಕುಡಿದ ತಿಗಣೆಯನ್ನು ತಿಂದ ಹುಳಕ್ಕೂ ತೊಂದರೆ.

ಡೇರೆಹೂವಿನಕ್ಕ, ಸಾಗರ

ತಂಗಿ, ನನ್ನದು ರೂಮಿನೊಳಗಿನ ತೋಟ ಅಲ್ಲ, ಜಗಲಿಯಲ್ಲಿ ಕುಂಡ ಇಟ್ಟುಕೊಂಡವಳು. ಮಳೆಗಾಲ ಪೂರ್ತಿ ಡೇರೆ ಹೂವಿನ ಕುಂಡಗಳಿಗೆ ಜಾಗ ಬಿಟ್ಟು ನಾವೇ ಮೂಲೆಯಲ್ಲಿ ಕೂರುವುದು.

ಇರುವೆಗೆ ಸುಲಭ ಉಪಾಯ ಇದೆ. ಹಿಂದೆ ತಿಂಡಿ ಬೀರುವಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ರ‍್ಯಾಕಿನ ನಾಲ್ಕೂ ಕಾಲಿಗೆ ಹಾಗೇ ಇಡು. ನೀರಿಗೆ ಒಂದು ಹನಿ ಸೋಪು ಹಾಕು, ಇಲ್ಲದಿದ್ದರೆ ಸೊಳ್ಳೆ ಮರಿ ಆಗುತ್ತದೆ, ಡೆಂಗಿ ಕಾಲ. ರ‍್ಯಾಕು ಗೋಡೆಗೆ ತಾಗಬಾರದು, ಒಂದೆಲೆಯೂ ಕಿಟಕಿಗೆ ತಾಗಬಾರದು. ಒಂದು ಎಲೆ ತಾಗಿದರೆ ಇರುವೆಗೆ ಸಾಕು, ಸೇತುವೆ ಕಟ್ಟಿಕೊಟ್ಟ ಹಾಗೆ ಆಯಿತು.

ಇನ್ನೊಂದು ವಿಷಯ ಬಲ್ಲವರು ಹೇಳಿ. ಹಿತ್ತಲಿನ ದಾಸವಾಳದಲ್ಲಿ ಹಿಟ್ಟು ತಿಗಣೆ ಇತ್ತು. ಅದರ ನಡುವೆ ಒಂದು ದಪ್ಪ ಬಿಳಿ ಹುಳ ಇತ್ತು, ಈಗ ಅದೇ ಕೊಂಬೆಯಲ್ಲಿ ಒಂದು ಸಣ್ಣ ಗೂಡು ಅಂಟಿಕೊಂಡಿದೆ. ಅಕ್ಕಿ ಕಾಳಿಗಿಂತ ಚೂರು ದಪ್ಪ. ಹತ್ತಿರದಿಂದ ನೋಡಿದರೆ ಥೇಟ್ ಮಂಗನ ಮುಖ! ಎರಡು ಕಣ್ಣು, ಚಪ್ಪಟೆ ಮೂಗು, ಮುಚ್ಚಿದ ಬಾಯಿ. ನಮ್ಮ ಮನೆಯವರು ತೆಗೆದು ಬಿಸಾಕು ಅಂದರು, ನನಗೆ ಮನಸ್ಸಾಗಲಿಲ್ಲ.

ಹೊಸನಗರ ಪುಟ್ಟ

ಬಾಳೆಗೊನೆ, ಅಡಿಕೆ, ಏಲಕ್ಕಿ ಎಲ್ಲ ಮುಗಿಸಿ ಈಗ ಗೂಡು ಕಟ್ಟಿಕೊಂಡು ದಾಸವಾಳಕ್ಕೂ ಬಂದವಾ ಮಂಗಗಳು?

ಕೀಟಮಿತ್ರ

ಅಕ್ಕಾ, ದಯವಿಟ್ಟು ಬಿಸಾಕಬೇಡಿ! ಅದು ಸ್ಪಾಲ್ಗಿಸ್ ಇಪಿಯಸ್ ಅನ್ನುವ ಚಿಟ್ಟೆಯ ಗೂಡು. ಆ ಮುಖದಿಂದಲೇ ಇಂಗ್ಲಿಷಿನಲ್ಲಿ ಏಪ್‌ಫ್ಲೈ ಅಂತ ಹೆಸರು. ಚಿಟ್ಟೆ ಮರಿ ಅಂದರೆ ಎಲೆ ತಿನ್ನುವುದು ಅಂತ ನಾವು ಅಂದುಕೊಂಡಿದ್ದೇವೆ. ಇದರ ಮರಿ ಎಲೆ ಮುಟ್ಟುವುದೇ ಇಲ್ಲ. ಹಿಟ್ಟು ತಿಗಣೆಗಳ ನಡುವೆಯೇ ಹುಟ್ಟಿ, ಅವುಗಳ ಮೇಣವನ್ನೇ ಮೈಗೆಲ್ಲ ಮೆತ್ತಿಕೊಂಡು, ಅವನ್ನೇ ತಿಂದು ಬೆಳೆಯುತ್ತದೆ. ನೀವು ನೋಡಿದ ದಪ್ಪ ಬಿಳಿ ಹುಳ ಅದೇ. ಚಿಟ್ಟೆ ಸಣ್ಣದು, ಬೂದು ಕಂದು, ರೆಕ್ಕೆಯ ಕೆಳಗೆ ಸಣ್ಣ ಸಣ್ಣ ಅಲೆ ಗೆರೆ. ಕಂಡರೂ ಪತಂಗ ಅಂದುಕೊಂಡು ಸುಮ್ಮನಾಗುತ್ತೇವೆ.

ಎಲ್ಲರಿಗೂ ಒಂದು ಮಾತು. ಕ್ರಿಪ್ಟೋಲೀಮಸ್ ಮರಿಯೂ ಹಾಗೇ ಬಿಳಿ ಮೇಣದ ಗೊಂಚಲು ಹೊತ್ತು, ದೊಡ್ಡ ಹಿಟ್ಟು ತಿಗಣೆಯ ಹಾಗೇ ಕಾಣುತ್ತದೆ. ನಮ್ಮ ನಾಡಿನ ಸಿಮ್ನಸ್ ಜಾತಿಯ ಗುಲಗಂಜಿ ಮರಿಗಳೂ ಅಷ್ಟೆ. ಗುರುತು ಹಿಡಿಯಲು ಕಡ್ಡಿಯಿಂದ ಮೆಲ್ಲಗೆ ತಟ್ಟಿ. ತಿಗಣೆ ಕೂತಲ್ಲೇ ಕೂತಿರುತ್ತದೆ ಅಥವಾ ನಿಧಾನಕ್ಕೆ ತೆವಳುತ್ತದೆ. ಗುಲಗಂಜಿ ಮರಿ ಸರಸರ ಓಡುತ್ತದೆ. ತಿಗಣೆಗಿಂತ ಎರಡು ಮೂರು ಪಟ್ಟು ದೊಡ್ಡದಿದ್ದು ಓಡಿದರೆ ಅದು ನಿಮ್ಮ ಕೆಲಸದಾಳು, ಒರೆಸಿ ಹಾಕಬೇಡಿ.

ಡೇರೆಹೂವಿನಕ್ಕ, ಸಾಗರ

ಸದ್ಯ, ಬಿಸಾಕಲಿಲ್ಲ. ಮನೆಯವರಿಗೆ ಓದಿ ಹೇಳಿದೆ, ‘ಮಂಗನಿಂದ ಉಪಕಾರ ಅಂತ ಇದೇ ಮೊದಲು ಕೇಳಿದ್ದು’ ಅಂದರು.

ತೋಟದಮನೆ, ತೀರ್ಥಹಳ್ಳಿ

ಎಲ್ಲ ಸರಿ ಮಾರಾಯ್ರೆ, ಕೇಳಲು ಚಂದ. ನನ್ನ ಪ್ರಶ್ನೆ ಬೇರೆ. ತೋಟದಲ್ಲಿ ಈ ಹುಳ ಅಲ್ಲಿಂದ ಬರುತ್ತದೆ, ಇಲ್ಲಿಗೆ ಹೋಗುತ್ತದೆ, ಸುತ್ತ ಕಾಡಿದೆ. ನಾಲ್ಕು ಗೋಡೆಯೊಳಗೆ ಏನಿದೆ? ತಿಗಣೆ ಮುಗಿದ ದಿನ ಹುಳವೂ ಸತ್ತಿತು. ಮುಂದಿನ ತಿಂಗಳು ಹೊಸ ಗಿಡದ ಜೊತೆ ತಿಗಣೆ ಬಂತು, ಮತ್ತೆ ದುಡ್ಡು. ಇದು ವ್ಯಾಪಾರ ಹೌದೋ ಅಲ್ಲವೋ?

ಬಾಳೆಹೊನ್ನೂರು ಕಾಫಿ

ಪಪ್ಪಾಯ ಕತೆ ಮರೆತಿರಾ? 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಪಪ್ಪಾಯ, ಹಿಪ್ಪುನೇರಳೆ, ಮರಗೆಣಸು ಎಲ್ಲ ಬೆಳ್ಳಗಾದವು. ಎಷ್ಟು ಔಷಧಿ ಹೊಡೆದರೂ ಜಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಕೀಟ ಸಂಸ್ಥೆಯವರು ಪೋರ್ಟೊರಿಕೊದಿಂದ ಅಸಿರೋಫೇಗಸ್ ಅನ್ನುವ ಕಣಜ ತರಿಸಿ ಬಿಟ್ಟರು. ತಿಗಣೆ ಹತೋಟಿಗೆ ಬಂತು. ಯಾರೂ ಪ್ರತಿ ತಿಂಗಳು ದುಡ್ಡು ಕೊಡಲಿಲ್ಲ.

ತೋಟದಮನೆ, ತೀರ್ಥಹಳ್ಳಿ

ಅದು ಹೊರಗೆ. ನಾನು ಹೇಳಿದ್ದೂ ಅದೇ. ಹೊರಗಿನ ಕತೆ ತಂದು ರೂಮಿನೊಳಗೆ ಕೂರಿಸಬೇಡಿ.

ಕೀಟಮಿತ್ರ

ಈ ವಿಷಯದಲ್ಲಿ ತೋಟದಮನೆಯವರ ಮಾತು ನಿಜ. ಒಳಗೆ ಬಿಟ್ಟ ಹುಳ ಶಾಶ್ವತವಾಗಿ ಇರುವುದಿಲ್ಲ. ಹೊರಗೆ ಬಿಡುವುದು ಒಂದು ಲೆಕ್ಕ, ಒಳಗೆ ಬಿಡುವುದು ಇನ್ನೊಂದು ಲೆಕ್ಕ. ಒಳಗೆ ಅದು ಕೂಲಿಯ ಕೆಲಸ. ಬಂತು, ತಿಂತು, ಮುಗೀತು. ಮತ್ತೆ ತಿಗಣೆ ಬಂದರೆ ಮತ್ತೆ ತರಬೇಕು. ಹಾಗಾಗಿ ಹತ್ತು ಕುಂಡ ಇರುವವರಿಗೆ ನಾನು ಹುಳ ತಗೊಳ್ಳಿ ಅನ್ನುವುದಿಲ್ಲ. ಅವರಿಗೆ ಹತ್ತಿ, ಸ್ಪಿರಿಟ್ಟು, ತಾಳ್ಮೆ ಸಾಕು. ಒಂದು ರೂಮು ತುಂಬ ಇದ್ದು, ಔಷಧಿ ಹೊಡೆಯುವ ಹಾಗಿಲ್ಲದಿದ್ದರೆ ಲೆಕ್ಕ ಬದಲಾಗುತ್ತದೆ.

ಒಂದು ಮಾತು ಕೇಳುತ್ತೇನೆ. ತೆಂಗಿಗೆ ಸುರುಳಿ ಬಿಳಿ ನೊಣ ಬಂದಾಗ ನೀವು ಔಷಧಿ ಹೊಡೆದಿರಾ?

ತೋಟದಮನೆ, ತೀರ್ಥಹಳ್ಳಿ

ಇಲ್ಲ. ಹೊಡೆಯಬೇಡಿ, ಎನ್‌ಕಾರ್ಸಿಯಾ ಕಣಜ ತಾನಾಗೇ ಬರುತ್ತದೆ ಅಂದಿದ್ದರು. ಬಂತು. ಅದು ಬೇರೆ ವಿಷಯ.

ಹೊಸನಗರ ಪುಟ್ಟ

ಬೇರೆ ವಿಷಯ ಅಂತೆ, ಬೇರೆ ವಿಷಯ.

ಗೋಪಾಳದ ಗಿರಿ

ಮಳೆಬಿಲ್ಲು ಅಕ್ಕ, ನಾನು ಮನೆಯೊಳಗೆ ದೀಪದ ಕೆಳಗೆ ಸೊಪ್ಪು ಬೆಳೆಯುತ್ತೇನೆ. ನನಗೆ ಕಾಟ ಕೊಟ್ಟಿದ್ದು ಗಿಡಹೇನು. ಜಾಲರೆಕ್ಕೆ ಹುಳದ ಮೊಟ್ಟೆ ತರಿಸಿದ್ದೆ. ಮೊದಲ ಸಲ ಆನ್‌ಲೈನ್ ಅಂಗಡಿಯೊಂದರಿಂದ. ಹೆಸರು ಬೇಡ. ಪಾರ್ಸೆಲ್ ಎಲ್ಲೋ ಬಿಸಿಲಿನಲ್ಲಿ ಬಿದ್ದುಕೊಂಡಿತ್ತು ಅನಿಸುತ್ತದೆ. ತೆಗೆದು ನೋಡಿದರೆ ಮರಿಗಳು ಒಳಗೇ ಹೊರಬಂದು ಒಂದನ್ನೊಂದು ತಿಂದು, ಮೂರೋ ನಾಲ್ಕೋ ದಾಂಡಿಗರು ಉಳಿದಿದ್ದರು. ದುಡ್ಡು ವಾಪಸ್ ಕೇಳಿದರೆ ‘ಜೀವಂತ ವಸ್ತುವಿಗೆ ವಾಪಸಾತಿ ಇಲ್ಲ’ ಅಂದರು. ಆಮೇಲೆ ಬೆಂಗಳೂರಿಗೆ ಹೋದಾಗ ಕೈಯಲ್ಲೇ ತಂದೆ.

ಅವು ಒಂದನ್ನೊಂದು ತಿನ್ನುವುದು ಹುಟ್ಟುಗುಣ. ಜಾಲರೆಕ್ಕೆ ಹುಳ ಮೊಟ್ಟೆ ಇಡುವ ರೀತಿ ನೋಡಬೇಕು. ಎಲೆಯ ಕೆಳಗೆ ಕೂದಲಿನಂಥ ಎಳೆ, ಅದರ ತುದಿಗೆ ಒಂದೇ ಒಂದು ಮೊಟ್ಟೆ. ಪಕ್ಕದಲ್ಲಿ ಇನ್ನೊಂದು ಎಳೆ. ಅಣ್ಣ ಹುಟ್ಟಿ ತಮ್ಮನನ್ನು ತಿನ್ನದ ಹಾಗೆ ತಾಯಿಯ ಏರ್ಪಾಡು. ಅದಕ್ಕೇ ಮರಿಗಳನ್ನು ಒಂದೇ ಗಿಡಕ್ಕೆ ಸುರಿಯಬಾರದು, ಬ್ರಷ್‌ನಿಂದ ಎಲ್ಲ ಕಡೆ ಹಂಚಬೇಕು. ತಿನ್ನುವುದು ಮರಿ ಮಾತ್ರ. ದೊಡ್ಡದಾದ ಮೇಲೆ ಮಕರಂದ ಕುಡಿದುಕೊಂಡು ಸಾಧುವಾಗಿರುತ್ತದೆ.

ನನ್ನ ಒಂದು ಸಲಹೆ. ರ‍್ಯಾಕಿಗೆ ಪೂರ್ತಿ ಸೊಳ್ಳೆಪರದೆ ಹೊದಿಸಿ, ಕೆಳಗೆ ಬಟ್ಟೆ ಕ್ಲಿಪ್ ಹಾಕಿ. ಪರದೆ ಇಲ್ಲದಿದ್ದರೆ ದೊಡ್ಡ ಗುಲಗಂಜಿ ಹುಳ ಸೀದಾ ಕಿಟಕಿ ಗಾಜಿಗೆ ಹೋಗಿ ಕೂರುತ್ತವೆ, ಬೆಳಕು ಅಂದರೆ ಅವಕ್ಕೆ ಅಷ್ಟು ಇಷ್ಟ. ಸಂಜೆ ದೀಪ ಆರಿಸಿದ ಮೇಲೆ ಬಿಡಿ. ಎಲೆಗೆ ಸ್ವಲ್ಪ ನೀರು ಚಿಮುಕಿಸಿ, ಪಾರ್ಸೆಲ್‌ನಲ್ಲಿ ಬಂದ ಹುಳಕ್ಕೆ ಬಾಯಾರಿಕೆ ಆಗಿರುತ್ತದೆ.

ಶೃಂಗೇರಿ ಸೀತಾಳೆ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು ಆರ್ಕಿಡ್. ಬೇಸಿಗೆಯಲ್ಲಿ ಎಲೆ ಕೆಳಗೆ ಕೆಂಪು ನುಸಿ, ಸಣ್ಣ ಬಲೆ. ನುಸಿ ತಿನ್ನುವ ನುಸಿ ಇದೆಯಂತೆ, ವಿದೇಶದ ವೆಬ್‌ಸೈಟಿನಲ್ಲಿ ನೋಡಿದೆ. ತರಿಸಬಹುದಾ?

ಕೀಟಮಿತ್ರ

ವಿದೇಶದಿಂದ ಬೇಡವೇ ಬೇಡ. ಜೀವಂತ ಕೀಟ, ನುಸಿ ತರಿಸಲು ಸರ್ಕಾರದ ಅನುಮತಿ ಬೇಕು. 2003ರ ಸಸ್ಯ ಕ್ವಾರಂಟೈನ್ ಆದೇಶದಲ್ಲೇ ಇದೆ. ಸುಮ್ಮನೆ ಮಾಡಿದ ಕಾನೂನಲ್ಲ. ಹಾರ್ಲೆಕ್ವಿನ್ ಅನ್ನುವ ಏಷ್ಯಾದ ಗುಲಗಂಜಿ ಹುಳವನ್ನು ಅಮೆರಿಕ, ಯುರೋಪಿನಲ್ಲಿ ಗಿಡಹೇನು ತಿನ್ನಲು ಬಿಟ್ಟರು. ಈಗ ಅದು ಅಲ್ಲಿನ ಗುಲಗಂಜಿ ಹುಳಗಳನ್ನೇ ತಿನ್ನುತ್ತದೆ, ಚಳಿಗಾಲದಲ್ಲಿ ಮನೆಯೊಳಗೆ ಗುಂಪುಗುಂಪಾಗಿ ನುಗ್ಗುತ್ತದೆ.

ನೀವು ನೋಡಿದ್ದು ಬಹುಶಃ ಫೈಟೋಸಿಯುಲಸ್ ಪರ್ಸಿಮಿಲಿಸ್. ಅದರ ಕತೆಗೂ ಆರ್ಕಿಡ್‌ಗೂ ನಂಟಿದೆ. 1958ರಲ್ಲಿ ಚಿಲಿಯಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳ ಜೊತೆ ಆಕಸ್ಮಿಕವಾಗಿ ಬಂದಿದ್ದು ಅದು. ನುಸಿ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಗಾಳಿಯಲ್ಲಿ ತೇವ ಶೇಕಡಾ 60ಕ್ಕಿಂತ ಕಡಿಮೆಯಾದರೆ ಸೊರಗುತ್ತದೆ.

ನಮ್ಮಲ್ಲೇ ನಿಯೋಸಿಯುಲಸ್ ಲಾಂಗಿಸ್ಪೈನೋಸಸ್ ಅಂತ ಇದೆ. ಔಷಧಿ ಬೀಳದ ಹಿತ್ತಲಿನ ಗಿಡಗಳಲ್ಲಿ ಹುಡುಕಿದರೆ ಸಿಗುತ್ತದೆ. ನುಸಿ ಇರುವ ಎಲೆಯಲ್ಲಿ ಬೇರೆಯವಕ್ಕಿಂತ ಜೋರಾಗಿ ಓಡಾಡುವ, ಹೊಳೆಯುವ ಚುಕ್ಕೆ ಕಂಡರೆ ಅದೇ ಇರಬಹುದು. ಆದರೆ ಆರ್ಕಿಡ್‌ಗೆ ಮೊದಲು ನೀರು. ಎಲೆಯ ಕೆಳಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ. ಕೆಂಪು ನುಸಿಗೆ ಒಣ ಹವೆ ಬೇಕು. ಶೃಂಗೇರಿ ಮಳೆಯಲ್ಲಿ ಅದಕ್ಕೆ ಬದುಕೇ ಇಲ್ಲ.

ಶೃಂಗೇರಿ ಸೀತಾಳೆ

ಹೌದು, ಜೂನ್ ಬಂದ ಮೇಲೆ ಕಾಣಿಸಿಲ್ಲ. ಈಗ ಎಲೆಗೆ ಬೂಷ್ಟು. ಒಂದು ಹೋದರೆ ಒಂದು.

ಹೊಸನಗರ ಪುಟ್ಟ

ಚಗಳಿ, ಅದೇ ಮರದ ಕೆಂಪಿರುವೆ, ಬಿಟ್ಟರೆ ಹೇಗೆ? ಎಲ್ಲ ಹುಳವನ್ನೂ ತಿನ್ನುತ್ತದೆ. ಮಿಕ್ಕಿದರೆ ಚಟ್ನಿ.

ಬಾಳೆಹೊನ್ನೂರು ಕಾಫಿ

ಪುಟ್ಟ, ತಮಾಷೆ ಅಲ್ಲ. ಚೀನಾದಲ್ಲಿ 1700 ವರ್ಷಗಳ ಹಿಂದೆಯೇ ಕಿತ್ತಳೆ ತೋಟಕ್ಕೆ ಚಗಳಿ ಗೂಡು ಕೊಂಡು ತಂದು ಕಟ್ಟುತ್ತಿದ್ದರಂತೆ, ಬರೆದಿಟ್ಟಿದ್ದಾರೆ. ಹುಳ ಬಿಟ್ಟು ಹುಳ ಹಿಡಿಯುವ ವಿದ್ಯೆಯಲ್ಲಿ ಅದೇ ಅತಿ ಹಳೆಯದು ಅನ್ನುತ್ತಾರೆ. ಆದರೆ ಹಿಟ್ಟು ತಿಗಣೆ ವಿಷಯದಲ್ಲಿ ಚಗಳಿ ನಮ್ಮ ಕಡೆಯಲ್ಲ. ಅದೂ ಸಿಹಿ ಅಂಟಿಗೆ ಬಿದ್ದು ತಿಗಣೆಯನ್ನು ಕಾಯುತ್ತದೆ. ಕಾಫಿ ಕೊಯ್ಯುವವರನ್ನು ಕೇಳಿ, ಶರಟಿನೊಳಗೆ ಇಳಿದರೆ ಏನಾಗುತ್ತದೆ ಅಂತ.

ಡೇರೆಹೂವಿನಕ್ಕ, ಸಾಗರ

ಚಟ್ನಿಗೆ ಕಾಯಿ ಜಾಸ್ತಿ ಹಾಕಬಾರದು, ಹುಳಿಯೆಲ್ಲ ಸತ್ತುಹೋಗುತ್ತದೆ.

ತೋಟದಮನೆ, ತೀರ್ಥಹಳ್ಳಿ

ಕಾಯಿ ಹಾಕಲೇಬಾರದು ಅಕ್ಕ. ಸೂಜಿಮೆಣಸು, ಉಪ್ಪು, ಬೆಳ್ಳುಳ್ಳಿ, ಕಲ್ಲಿನಲ್ಲಿ ಅರೆಯಬೇಕು.

ನಿರ್ವಾಹಕ

ಚಟ್ನಿಗೆ ಅಡುಗೆ ವಿಭಾಗ ಇದೆ. ಇಲ್ಲಿ ಗಿಡದ ಮಾತು ಇರಲಿ.

ಮಳೆಬಿಲ್ಲು, ಶಿವಮೊಗ್ಗ

ಕರಿ ನೊಣದ ವಿಷಯ ಯಾರೂ ಹೇಳಲಿಲ್ಲ. ಹಳದಿ ಅಂಟುಹಾಳೆ ನೇತುಹಾಕಿದ್ದೇನೆ, ತುಂಬ ಬೀಳುತ್ತವೆ, ಆದರೂ ಮುಗಿಯುವುದಿಲ್ಲ.

ಗೋಪಾಳದ ಗಿರಿ

ಅಂಟುಹಾಳೆಗೆ ಬೀಳುವುದು ದೊಡ್ಡ ನೊಣ ಮಾತ್ರ. ಮರಿಗಳು ಮಣ್ಣಿನ ಮೇಲ್ಪದರದಲ್ಲಿ, ಒದ್ದೆ ಕೊಕೊಪೀಟ್‌ನಲ್ಲಿ ಇರುತ್ತವೆ. ಮಳೆಗಾಲದಲ್ಲಿ ಕುಂಡ ಒಣಗುವುದೇ ಇಲ್ಲ, ನಾವು ಬೇಸಿಗೆಯ ಅಭ್ಯಾಸದಲ್ಲಿ ನೀರು ಹಾಕುತ್ತಲೇ ಇರುತ್ತೇವೆ. ಬೆರಳು ಇಟ್ಟು ನೋಡಿ, ಮೇಲಿನ ಒಂದಿಂಚು ಒಣಗಿದ ಮೇಲೇ ನೀರು ಹಾಕಿ. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಬಾರದು.

ಅದಕ್ಕೂ ಬಗ್ಗದಿದ್ದರೆ ಬಿಟಿಐ. ಅದು ಹುಳ ಅಲ್ಲ, ಬ್ಯಾಕ್ಟೀರಿಯಾ. ಸೊಳ್ಳೆ ಮರಿ ಕೊಲ್ಲಲು ನೀರಿಗೆ ಹಾಕುತ್ತಾರಲ್ಲ, ಅದೇ. ನೀರಿನಲ್ಲಿ ಕಲಸಿ ಕುಂಡಕ್ಕೆ ಹುಯ್ದರೆ ನೊಣದ ಮರಿ ತಿಂದು ಸಾಯುತ್ತವೆ, ಗುಲಗಂಜಿ ಹುಳಕ್ಕೆ ಏನೂ ಆಗುವುದಿಲ್ಲ. ಹೊರದೇಶದಲ್ಲಿ ಇದಕ್ಕೆ ಮಣ್ಣಿನಲ್ಲಿ ಬೇಟೆಯಾಡುವ ನುಸಿ, ದಾರದಂಥ ಸಣ್ಣ ಜಂತು ಎರಡನ್ನೂ ಬಿಡುತ್ತಾರೆ.

ಮುಖ್ಯ ವಿಷಯ, ಗುಲಗಂಜಿ ಹುಳ ಬಿಡುವ ದಿನ ಅಂಟುಹಾಳೆ ತೆಗೆಯಿರಿ. ದುಡ್ಡು ಕೊಟ್ಟು ತಂದದ್ದು ಅದಕ್ಕೇ ಹೋಗಿ ಅಂಟಿಕೊಳ್ಳುತ್ತದೆ.

ಭದ್ರಾವತಿ ಬದನೆ

ಈ ಚರ್ಚೆ ಓದಿ ನಮ್ಮ ತಾರಸಿಯ ಬದನೆ ಗಿಡದ ಗುಲಗಂಜಿ ಹುಳಗಳನ್ನು ಹಿಡಿದು ಬಾಟಲಿಗೆ ಹಾಕಿದ್ದೇನೆ. ಕಂದು ಬಣ್ಣ, ತುಂಬ ಚುಕ್ಕೆ. ಮಳೆಬಿಲ್ಲು ಅವರಿಗೆ ಬೇಕಾದರೆ ನಾಳೆ ಶಿವಮೊಗ್ಗಕ್ಕೆ ಬರುವಾಗ ತಂದುಕೊಡುತ್ತೇನೆ.

ಕೀಟಮಿತ್ರ

ಅಯ್ಯೋ, ಬೇಡ! ಚುಕ್ಕೆ ಎಣಿಸಿ. 28 ಇದ್ದರೆ ಅದು ಎಲೆ ತಿನ್ನುವ ಗುಲಗಂಜಿ. ಬದನೆ ಎಲೆಯ ಹಸಿರು ಕೆರೆದು ತಿಂದು ಜರಡಿ ಮಾಡುವುದು ಅದೇ. ಮರಿ ಹಳದಿ, ಮೈಯೆಲ್ಲ ಮುಳ್ಳು. ಮೈ ಮೇಲೆ ನವಿರಾದ ಕೂದಲಿರುವುದರಿಂದ ಹೊಳಪಿರುವುದಿಲ್ಲ. ಹುಳ ತಿನ್ನುವ ಗುಲಗಂಜಿಗಳು ಸಾಮಾನ್ಯವಾಗಿ ಮಿರಮಿರ ಹೊಳೆಯುತ್ತವೆ. ಕ್ರಿಪ್ಟೋಲೀಮಸ್‌ಗೆ ಮಾತ್ರ ಈ ಹೊಳಪಿನ ಲೆಕ್ಕ ಹಿಡಿಯಬೇಡಿ, ಅದಕ್ಕೂ ಕೂದಲಿದೆ.

ಭದ್ರಾವತಿ ಬದನೆ

28 ಇವೆ. ಬಾಟಲಿ ಮುಚ್ಚಳ ಬಿಗಿ ಮಾಡಿದೆ.

ಹೊಸನಗರ ಪುಟ್ಟ

ಅತ್ತೆ ಮನೆಗೆ ಕೊಟ್ಟು ಕಳಿಸಿ.

ಮಳೆಬಿಲ್ಲು, ಶಿವಮೊಗ್ಗ

ಸರಿ, ನನಗೆ ಅರ್ಥವಾದದ್ದು ಇಷ್ಟು. ಮೊದಲು ಇರುವೆ. ಬಿರುಕಿಗೆ ಸಿಮೆಂಟು ಮೆತ್ತಿಸಿ, ರ‍್ಯಾಕಿನ ಕಾಲಿಗೆ ಬಟ್ಟಲು. ಜರಿಗಿಡ ಮತ್ತು ಆ ಆಂಥೂರಿಯಂ ಕೆಳಗಿನ ವರಾಂಡಕ್ಕೆ. ಹೋಯಾ ರ‍್ಯಾಕಿಗೆ ಪರದೆ ಕಟ್ಟಿ ಕ್ರಿಪ್ಟೋಲೀಮಸ್. ಆದರೆ ಎಲ್ಲಿಂದ ತರುವುದು? ಎಷ್ಟು? ಬಿಡುವ ಮೊದಲು ತಿಗಣೆಯನ್ನು ಒರೆಸಿ ಕಡಿಮೆ ಮಾಡಬೇಕಾ, ಹಾಗೇ ಬಿಡಬೇಕಾ?

ಕೀಟಮಿತ್ರ

ತುಂಬಾ ಜಾಸ್ತಿ ಇರುವ ಗಿಡಗಳನ್ನು ಮಾತ್ರ ಒಮ್ಮೆ ಒರೆಸಿ. ಪೂರ್ತಿ ಶುದ್ಧ ಮಾಡಬೇಡಿ, ಬಂದ ಹುಳಕ್ಕೆ ಊಟ ಬೇಕಲ್ಲ. ಮೊಟ್ಟೆ ಚೀಲ ಕೆಲವು ಉಳಿಸಲೇಬೇಕು. ಸೋಪಿನ ನೀರು ಬಳಸುವುದಾದರೆ ಹುಳ ಬರುವ ಮೊದಲೇ ಮುಗಿಸಿ. ಒಣಗಿದ ಮೇಲೆ ಅದರ ಅಂಶ ಅಪಾಯ ಮಾಡುವುದಿಲ್ಲ.

ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಎರಡೂ ಈ ಹುಳದ ಮೇಲೆ ಕೆಲಸ ಮಾಡಿದವು. ಹೋಗುವ ಮೊದಲು ಫೋನ್ ಮಾಡಿ ಸಿಗುತ್ತದಾ ಕೇಳಿ. ನಮ್ಮ ಜಿಲ್ಲೆಯದೇ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಅಲ್ಲಿನ ಕೀಟಶಾಸ್ತ್ರ ವಿಭಾಗದಲ್ಲೂ ವಿಚಾರಿಸಿ. ಎಷ್ಟು ಅಂತ ಅವರಿಗೆ ಗಿಡದ ಫೋಟೋ ತೋರಿಸಿ ಕೇಳುವುದೇ ಸರಿ.

ಬಿಟ್ಟ ಮೊದಲೆರಡು ವಾರ ಏನೂ ಆಗದ ಹಾಗೆ ಕಾಣುತ್ತದೆ. ಮೊಟ್ಟೆಯಿಂದ ದೊಡ್ಡ ಹುಳ ಆಗಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಆ ನಡುವೆ ‘ಇದು ಆಗೋದಲ್ಲ’ ಅಂತ ಬೇವಿನೆಣ್ಣೆ ಎತ್ತಿಕೊಂಡರೆ ಎಲ್ಲ ಮಣ್ಣುಪಾಲು.

ಬಾಳೆಹೊನ್ನೂರು ಕಾಫಿ

ಈ ಹುಳವನ್ನು ಹೇಗೆ ಸಾಕುತ್ತಾರೆ ಗೊತ್ತಾ? ಸಿಹಿಗುಂಬಳಕಾಯಿಯ ಮೇಲೆ. ತೊಟ್ಟಿರುವ, ಗಾಯವಿಲ್ಲದ ಕಾಯಿ ತೊಳೆದು, ಕೊಳೆಯದ ಹಾಗೆ ಶಿಲೀಂಧ್ರನಾಶಕದಲ್ಲಿ ಅದ್ದಿ ಒಣಗಿಸುತ್ತಾರೆ. ಅದರ ಮೇಲೆ ಹಿಟ್ಟು ತಿಗಣೆ ಬಿಡುತ್ತಾರೆ. ಕಾಯಿಯ ಗೀರುಗಳಲ್ಲೆಲ್ಲ ತಿಗಣೆ ತುಂಬಿ ಇಡೀ ಕಾಯಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಆಮೇಲೆ ಪಂಜರದಲ್ಲಿಟ್ಟು ಗುಲಗಂಜಿ ಬಿಡುತ್ತಾರೆ. ಜಾಗ, ವ್ಯವಧಾನ ಇದ್ದವರು ಮನೆಯಲ್ಲೂ ಮಾಡಬಹುದು.

ಡೇರೆಹೂವಿನಕ್ಕ, ಸಾಗರ

ನಮ್ಮ ಅಟ್ಟದಲ್ಲಿ ಕುಂಬಳಕಾಯಿ ಸಾಲಾಗಿ ಕೂತಿವೆ. ಆದರೆ ಬೇಕು ಅಂತ ಹಿಟ್ಟು ತಿಗಣೆ ಬೆಳೆಸುತ್ತೇನೆ ಅಂದರೆ ಮನೆಯವರು ನನ್ನನ್ನೇ ಅಟ್ಟಕ್ಕೆ ಹತ್ತಿಸುತ್ತಾರೆ.

ತೋಟದಮನೆ, ತೀರ್ಥಹಳ್ಳಿ

ಮಳೆಬಿಲ್ಲು ಅವರೇ, ಇಷ್ಟೆಲ್ಲ ಖರ್ಚು ಮಾಡುವ ಮೊದಲು ಒಂದು ಮಾತು. ನಮ್ಮ ದಾಸವಾಳ, ಸೀಬೆ ಗಿಡಕ್ಕೆ ಯಾರೂ ಏನೂ ಹೊಡೆದಿಲ್ಲ. ಇವತ್ತು ಸಂಜೆ ಮಳೆ ಬಿಟ್ಟಾಗ ಹೋಗಿ ಕಡ್ಡಿಯಿಂದ ತಟ್ಟಿ ನೋಡಿದೆ. ಎರಡು ಬಿಳಿ ಹುಳ ಸರಸರ ಓಡಿದವು. ಯಾವ ಜಾತಿಯೋ ಆ ಕೀಟಮಿತ್ರರೇ ಹೇಳಬೇಕು, ಫೋಟೋ ಹಾಕುತ್ತೇನೆ. ಬೇಕಾದರೆ ಕೊಂಬೆ ಸಮೇತ ಕಡಿದು ಕೊಡುತ್ತೇನೆ. ದುಡ್ಡು ಬೇಡ. ಆದರೂ ನನ್ನ ಮಾತು ಅದೇ, ಬೇವಿನೆಣ್ಣೆ ಸಾಕು.

ಕೀಟಮಿತ್ರ

ಫೋಟೋ ಹಾಕಿ. ಕೊಂಬೆ ಕೊಟ್ಟರೆ ಅದರ ಜೊತೆ ತಿಗಣೆ, ಇರುವೆ ಎಲ್ಲ ಹೋಗುತ್ತವೆ. ಹುಳವನ್ನು ಮಾತ್ರ ಬ್ರಷ್‌ನಿಂದ ಎತ್ತಿ, ಒಂದೊಂದನ್ನು ಬೇರೆ ಬೇರೆ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಸೂಜಿತೂತು ಮಾಡಿ.

ತೋಟದಮನೆ, ತೀರ್ಥಹಳ್ಳಿ

ಡಬ್ಬಿ ಎಲ್ಲಿಂದ ತರಲಿ, ಎಲೆಅಡಿಕೆ ಸುಣ್ಣದ ಡಬ್ಬಿ ಆಗುತ್ತದಾ?

ಗೋಪಾಳದ ಗಿರಿ

ಸುಣ್ಣ ಚೆನ್ನಾಗಿ ತೊಳೆದಿದ್ದರೆ ಆಗುತ್ತದೆ. ಶನಿವಾರ ನಾನು ತೀರ್ಥಹಳ್ಳಿ ಕಡೆ ಬರುತ್ತಿದ್ದೇನೆ, ನಾನೇ ತಗೊಂಡು ಹೋಗಿ ವಿನೋಬನಗರಕ್ಕೆ ಮುಟ್ಟಿಸುತ್ತೇನೆ. ಡಬ್ಬಿ ಬಿಸಿಲಿಗೆ ಮಾತ್ರ ಇಡಬೇಡಿ.

ಹೊಸನಗರ ಪುಟ್ಟ

ತೀರ್ಥಹಳ್ಳಿಯಲ್ಲಿ ಬಿಸಿಲಾ, ಈ ತಿಂಗಳಲ್ಲಾ?